ಚೊಗರು ಕಂಡವರಿಗೆ ವೈನ್ ಹೊಸದಲ್ಲ

ಹೋದ ಭಾನುವಾರ ತೀರ್ಥಹಳ್ಳಿ ಹತ್ತಿರ ನನ್ನ ಇಬ್ಬರು ಗೆಳೆಯರ ನಿಶ್ಚಿತಾರ್ಥ ಆಯಿತು. ಹುಡುಗ, ಹುಡುಗಿ ಇಬ್ಬರೂ ಶಿವಮೊಗ್ಗದಲ್ಲಿ ನನ್ನ ಜೊತೆ ಓದಿದವರು. ಬೆಳಿಗ್ಗೆ ಹಿರಿಯರ ಮುಂದೆ ತಾಂಬೂಲ ಬದಲಾಯಿಸಿ, ಉಂಗುರ ತೊಡಿಸಿದ್ದಾಯಿತು. ನೆಂಟರೆಲ್ಲ ಹೊರಟ ಮೇಲೆ ತೋಟದ ಮನೆಯಲ್ಲಿ ಉಳಿದವರು ಹನ್ನೊಂದು ಜನ. ಆ ರಾತ್ರಿ ಊಟಕ್ಕೆಂದೇ ನಾನು ಎರಡು ಬಾಟಲಿ ವೈನ್ ಒಯ್ದಿದ್ದೆ. ಹುಡುಗಿಯ ಅಕ್ಕ ಪೋರ್ಚುಗಲ್‌ನಿಂದ ಇನ್ನೊಂದು ತಂದಿದ್ದಳು.

ಹೊರಡುವಾಗ ಪರಿಚಯದವರೊಬ್ಬರು ಹೇಳಿದರು: "ಅಷ್ಟು ಒಳ್ಳೆ ವೈನ್ ಹಳ್ಳಿ ಮನೆಗೆ ಯಾಕೆ? ಅಲ್ಲಿ ಯಾರಿಗೆ ಅದರ ರುಚಿ ಗೊತ್ತಾಗತ್ತೆ?"

ಈ ಮಾತು ಮನಸ್ಸಿಗೆ ಚುಚ್ಚಿತು. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲು ತೆರೆದದ್ದು ಗ್ರೋವರ್‌ನವರ ಲಾ ರಿಸರ್ವ್. ಕ್ಯಾಬರ್ನೆ ಸೊವಿನ್ಯೋನ್ ಮತ್ತು ಶಿರಾಜ್ ದ್ರಾಕ್ಷಿ ಸೇರಿಸಿ ಮಾಡಿದ ಕೆಂಪು ವೈನ್. ದೂರದ್ದೇನೂ ಅಲ್ಲ, ದೊಡ್ಡಬಳ್ಳಾಪುರದ ಕಡೆ, ನಂದಿ ಬೆಟ್ಟದ ಬುಡದ್ದು. ನಮ್ಮದೇ ರಾಜ್ಯದ ಮಣ್ಣು. ಗೆಳೆಯನ ಚಿಕ್ಕಪ್ಪ ಮೂವತ್ತು ವರ್ಷದಿಂದ ಅಡಿಕೆ ಬೇಯಿಸುತ್ತಿರುವವರು. ವೈನ್ ಕುಡಿದದ್ದು ಅವತ್ತೇ ಮೊದಲು. ಒಂದು ಗುಟುಕು ಬಾಯಲ್ಲಿ ಹಾಗೇ ಇಟ್ಟುಕೊಂಡರು. ನುಂಗಿ, ನಾಲಿಗೆಯನ್ನು ಹಲ್ಲಿಗೆ ಒತ್ತಿ ನೋಡಿದರು. "ಅಲ್ಲ ಮಾರಾಯ, ಇದು ಎಳೆ ಅಡಿಕೆ ಒಗರು!" ಅಂದರು.

ನನಗೆ ಮೈ ಜುಮ್ಮೆಂದಿತು. ಎಷ್ಟು ಸರಿಯಾದ ಮಾತು ಅಲ್ವಾ! ಕೆಂಪು ವೈನ್ ಕುಡಿದಾಗ ಒಸಡು ಬಿಗಿದಂತೆ ಆಗುತ್ತದಲ್ಲ, ಅದು ಟ್ಯಾನಿನ್ ಅನ್ನುವ ಒಗರಿನ ಅಂಶದಿಂದ. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಅದು ವೈನಿಗೆ ಇಳಿಯುತ್ತದೆ. ಹಸಿ ಅಡಿಕೆಯಲ್ಲಿರುವುದೂ ಟ್ಯಾನಿನ್ನೇ. ಸುಲಿದ ಅಡಿಕೆ ಬೇಯಿಸಿದಾಗ ಹಂಡೆಯ ನೀರಿಗೆ ಬಿಟ್ಟುಕೊಳ್ಳುವುದು ಅದೇ. ಆ ನೀರು ಗಟ್ಟಿಯಾದರೆ ಚೊಗರು. ಅದರಿಂದಲೇ ಕೆಂಪಡಿಕೆಗೆ ಬಣ್ಣ ಬರುವುದು. ಪುಸ್ತಕ ಓದಿ, ತಿಂಗಳುಗಟ್ಟಲೆ ರುಚಿ ನೋಡಿ ನಾನು ಕಲಿತದ್ದನ್ನು ಆ ಮನುಷ್ಯ ಒಂದೇ ಗುಟುಕಿಗೆ ಹೇಳಿಬಿಟ್ಟರು. ಇವರಿಗೆ ರುಚಿ ಗೊತ್ತಾಗಲ್ಲ ಅಂತ ಹೇಳುವುದು ಹೇಗೆ?

750 ಮಿಲಿಯ ಬಾಟಲಿ. ಇಬ್ಬರು ಕುಡಿಯುವುದಿಲ್ಲ. ಅವರಿಗೆ ಅಂಥದೇ ಗ್ಲಾಸಿನಲ್ಲಿ ಮುರುಗಲು ಶರಬತ್ತು. ಉಳಿದ ಒಂಬತ್ತು ಜನಕ್ಕೆ ತಲಾ 80 ಮಿಲಿ ಚಿಲ್ಲರೆ ಬಂತು. ಕಡಿಮೆ ಅನ್ನಿಸಬಹುದು. ನನಗೆ ಹಾಗನ್ನಿಸಲಿಲ್ಲ. ಇರುವುದು ಸ್ವಲ್ಪವೇ ಅಂದಾಗ ಎಲ್ಲರೂ ನಿಧಾನ ಮಾಡುತ್ತಾರೆ. ಮೂಸುತ್ತಾರೆ, ಪಕ್ಕದವರಿಗೆ ಏನನ್ನಿಸಿತು ಅಂತ ಕೇಳುತ್ತಾರೆ.

ಊಟಕ್ಕೆ ಕಡುಬು, ಕೋಳಿ ಸಾರು, ಹಂದಿ ಹುರಿದದ್ದು. ಸಾರಿನ ಜೊತೆ ಆ ಕೆಂಪು ವೈನ್ ಹೊಂದಲಿಲ್ಲ, ಇದನ್ನು ಹೇಳಲೇಬೇಕು. ಟ್ಯಾನಿನ್ನು, ಖಾರ ಎರಡೂ ಸೇರಿದರೆ ಬಾಯಿ ಉರಿಯುತ್ತದೆ. ಆದರೆ ಹಂದಿಯ ಕೊಬ್ಬಿನ ಜೊತೆ ಅದೇ ಒಗರು ಮೆತ್ತಗಾಯಿತು. ಸಾರಿಗೆ ಒಪ್ಪಿದ್ದು ನಾನು ಒಯ್ದಿದ್ದ ಎರಡನೆಯ ಬಾಟಲಿ, ತಣ್ಣಗೆ ಮಾಡಿದ ಚೆನಿನ್ ಬ್ಲಾಂಕ್. ಬಿಳಿ ವೈನ್, ಸ್ವಲ್ಪ ಸಿಹಿ. ಖಾರದ ಊಟಕ್ಕೆ ವೈನ್ ಹುಡುಕುವವರು ಇದನ್ನು ನೆನಪಿಡಿ.

ಕೊನೆಗೆ ಅಕ್ಕ ತಂದ ಪೋರ್ಟ್, ಪೋರ್ಚುಗಲ್‌ನ ಸಿಹಿ ವೈನ್. ಡೌರೊ ಕಣಿವೆಯ 20 ವರ್ಷದ ಟಾನಿ ಅನ್ನುವ ಬಗೆ. ದ್ರಾಕ್ಷಿ ರಸ ಇನ್ನೂ ಹುಳಿಯುತ್ತಿರುವಾಗಲೇ ದ್ರಾಕ್ಷಿಯ ಮದ್ಯಸಾರ ಸೇರಿಸಿ ನಿಲ್ಲಿಸುತ್ತಾರೆ. ಹಾಗಾಗಿ ಹಣ್ಣಿನ ಸಿಹಿ ಉಳಿದುಕೊಳ್ಳುತ್ತದೆ. ಆಮೇಲೆ ವರ್ಷಗಟ್ಟಲೆ ಮರದ ಪೀಪಾಯಿಯಲ್ಲಿಟ್ಟು ಮಾಗಿಸುತ್ತಾರೆ. ಕೆಂಪು ಹೋಗಿ ಜೇನಿನ ಬಣ್ಣ ಬಂದಿರುತ್ತದೆ. ಈಗ ಆಲೆಮನೆ ಕಾಲ ನೋಡಿ, ಸಾಗರದಿಂದ ಯಾರೋ ತೊಡೆದೇವು ತಂದಿದ್ದರು. ಕಬ್ಬಿನ ಹಾಲಿನ ಆ ತೆಳು ಹಾಳೆಯನ್ನು ಮುರಿದು ಬಾಯಿಗಿಟ್ಟು, ಮೇಲೆ ಒಂದು ಗುಟುಕು ಪೋರ್ಟ್. ಹುಡುಗಿ ಕಣ್ಣು ಮುಚ್ಚಿಕೊಂಡು ಸುಮ್ನೆ ಕೂತುಬಿಟ್ಟಳು. ಇಂಥ ಜೋಡಿ ನಾನು ಬೇರೆಲ್ಲೂ ಕಂಡಿಲ್ಲ.

ಇನ್ನೊಂದು ವಿಷಯ. ಐದು ವರ್ಷದ ಹಿಂದೆ ನನಗೊಂದು ಒಳ್ಳೆಯ ಬಾಟಲಿ ಸಿಕ್ಕಿತ್ತು. "ಗೊತ್ತಿರುವವರು" ಬಂದಾಗ ತೆರೆಯೋಣ ಅಂತ ಶಿವಮೊಗ್ಗದ ಬಾಡಿಗೆ ಮನೆಯ ಬೀರುವಿನಲ್ಲಿ ನಿಲ್ಲಿಸಿಟ್ಟಿದ್ದೆ. ನಾಲ್ಕು ಬೇಸಿಗೆ ಕಳೆಯಿತು. ನಿಲ್ಲಿಸಿಟ್ಟರೆ ಕಾರ್ಕ್ ಒಣಗುತ್ತದೆ, ಗಾಳಿ ಒಳಗೆ ಹೋಗುತ್ತದೆ. ತೆರೆದಾಗ ವಿನೆಗರ್ ವಾಸನೆ. ಆ ನಾಲ್ಕು ವರ್ಷದಲ್ಲಿ ಇದೇ ಗೆಳೆಯರು ಎಷ್ಟು ಸಲ ಮನೆಗೆ ಬಂದು ಉಂಡು ಹೋಗಿದ್ದರು! ಈಗಲೂ ಅದಕ್ಕೆ ಬೇಜಾರಿದೆ.

ಕುಡಿದವರು ಯಾರೂ ಆ ರಾತ್ರಿ ಗಾಡಿ ತೆಗೆಯಲಿಲ್ಲ. ಜಗಲಿಯಲ್ಲೇ ಚಾಪೆ ಹಾಸಿ ಮಲಗಿದೆವು. ಬೆಳಿಗ್ಗೆ ಹೊರಡುವಾಗ ಚಿಕ್ಕಪ್ಪ ಕಾರಿನ ತನಕ ಬಂದರು. ಮದುವೆ ಮೇ ತಿಂಗಳಲ್ಲಿ. "ಆ ಒಗರಿಂದು ಇನ್ನೊಂದು ತಗೊಂಡು ಬಾ, ನಮ್ಮ ಅಡಿಕೆ ಮಂಡಿಯವರಿಗೂ ರುಚಿ ತೋರಿಸಬೇಕು" ಅಂದರು. ತಂದಿಟ್ಟಿದ್ದೇನೆ. ಮಂಚದ ಕೆಳಗೆ, ಬಿಸಿಲು ತಾಗದ ಕಡೆ, ಅಡ್ಡ ಮಲಗಿಸಿ.