ಸ್ಕ್ಯಾನರ್‌ಗೆ ಕುಂಕುಮ ಇಟ್ಟ ಅನುಭವ ಉಂಟು

ನನ್ನ ಸ್ಕೂಟರಿನ ಕಾರ್ಬೊರೇಟರ್ ಕಳವಾಗಿದೆ ಎಂದು ಅಕ್ಕನ ಮಗ ಮನೆಯವರೆಲ್ಲರ ಮುಂದೆ ಘೋಷಿಸಿದ.

ಆಟಿ ತಿಂಗಳ ಮಳೆ. ಮಂಗಳೂರಿನ ಕೂಳೂರು ದಾಟಿ ಬರುವಾಗ ಗಾಡಿ ನಿಂತಿತ್ತು. ಒದ್ದೆಯಾಗಿ ತಳ್ಳಿಕೊಂಡು ಬಂದಿದ್ದೆ. ಮನೆಯಲ್ಲೇ ಮೆಕ್ಯಾನಿಕ್ ಇರುವಾಗ ಹೊರಗೆ ಯಾಕೆ ದುಡ್ಡು ಸುರಿಯುವುದು ಅಂದಳು ಅಕ್ಕ. ಅವಳ ಮಗ ಐಟಿಐಯಲ್ಲಿ ಎರಡು ವರ್ಷ ಮೋಟಾರ್ ವೆಹಿಕಲ್ ಮೆಕ್ಯಾನಿಕ್ ಟ್ರೇಡ್ ಓದಿ ಪಾಸಾದವನು. ಹುಡುಗ ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಸೀಟಿನ ಕೆಳಗಿನ ಡಬ್ಬಿ ಎತ್ತಿ ಹೊರಗಿಟ್ಟು, ಒಂದು ಗಂಟೆ ಹುಡುಕಿದ. ಹಳೇ ಪೇಪರ್ ಹಾಸಿ ಸ್ಕ್ರೂಗಳನ್ನು ಸಾಲಾಗಿ ಜೋಡಿಸಿದ್ದ. ಆ ಶಿಸ್ತು ನೋಡಿ ನನಗೆ ಖುಷಿಯೇ ಆಯಿತು. ಕಾರ್ಬೊರೇಟರ್ ಮಾತ್ರ ಸಿಗಲಿಲ್ಲ.

"ಸರ್ವಿಸ್‌ಗೆ ಕೊಟ್ಟಾಗ ಯಾರೋ ಬಿಚ್ಚಿಕೊಂಡಿದ್ದಾರೆ ಮಾಮ" ಅಂದ.

ಅಕ್ಕ ಸರ್ವಿಸಿನವರಿಗೆ ಶಾಪ ಹಾಕಲು ಶುರು ಮಾಡಿದಳು. ನಾನು ಅವಳನ್ನು ತಡೆದು, 2020ರ ಏಪ್ರಿಲ್ 1ರಿಂದ ಹೊಗೆ ಕಡಿಮೆ ಮಾಡಲು ಬಿಎಸ್6 ನಿಯಮ ಬಂದಿದೆ, ಆಮೇಲಿನ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರೇ ಇಲ್ಲ, ಕಂಪ್ಯೂಟರ್ ಲೆಕ್ಕ ಹಾಕಿ ಪೆಟ್ರೋಲ್ ಚಿಮುಕಿಸುತ್ತದೆ ಎಂದೆ. "ಫ್ಯುಯೆಲ್ ಇಂಜೆಕ್ಷನ್ ಅಂತ ಕೇಳಿಲ್ವಾ?"

"ಗೊತ್ತುಂಟಲ್ಲ ಮಾಮ, ಎರಡು ಮಾರ್ಕಿನ ಪ್ರಶ್ನೆ" ಅಂದ. ಉತ್ತರ ಬಾಯಿಪಾಠ ಒಪ್ಪಿಸಿದ. ಒಂದಕ್ಷರ ತಪ್ಪಿಲ್ಲ. ತಲೆಗೆ ಇಂಜೆಕ್ಷನ್ ಗೊತ್ತು, ಕೈ ಮಾತ್ರ ಕಾರ್ಬೊರೇಟರನ್ನೇ ಹುಡುಕುತ್ತದೆ. ಕೈಗೆ ಎರಡು ವರ್ಷ ಸಿಕ್ಕಿದ್ದು ಅದೊಂದೇ.

ಹುಡುಗನನ್ನು ಬೈಯುವ ಮೊದಲು ಅವನ ವರ್ಕ್‌ಶಾಪಿನ ಕಥೆ ಕೇಳಬೇಕು. ನಡುವೆ ಒಂದು ಎಂಜಿನ್ ಉಂಟಂತೆ. ಅರ್ಧಕ್ಕೆ ಸೀಳಿ, ಒಳಗೆ ಕೆಂಪು, ಹಳದಿ, ನೀಲಿ ಬಣ್ಣ ಬಳಿದದ್ದು. ಹಿಡಿಕೆ ತಿರುಗಿಸಿದರೆ ಪಿಸ್ಟನ್ ಮೇಲೆ ಕೆಳಗೆ ಹೋಗುತ್ತದೆ. ಹಾಗೆ ತಿರುಗಿಸಿ ತಿರುಗಿಸಿ ಎಷ್ಟು ಬ್ಯಾಚ್ ಪಾಸಾಗಿದೆಯೋ ದೇವರಿಗೇ ಗೊತ್ತು. ಮೂಲೆಯಲ್ಲಿ ಒಂದು ಅಂಬಾಸಿಡರ್. ಆ ಕಾರಿನ ತಯಾರಿಕೆ ನಿಂತದ್ದು 2014ರಲ್ಲಿ. ಪಾಠ ನಿಂತಿಲ್ಲ. ಹಿಂದಿನ ಸೀಟಿನಲ್ಲಿ ಬೆಕ್ಕು ಮರಿ ಹಾಕಿದ್ದರಿಂದ ಡಿಫರೆನ್ಶಿಯಲ್ ಪ್ರಾಕ್ಟಿಕಲ್ ಹದಿನೈದು ದಿನ ಮುಂದೆ ಹೋಯಿತು ಎಂದು ಅಳಿಯ ಹೇಳಿದ. ಬೆಕ್ಕಿನ ವಿಷಯದಲ್ಲಿ ನನ್ನ ತಕರಾರಿಲ್ಲ.

ಗೋಡೆಗೆ ತಾಗಿ ಒಂದು ಕಬ್ಬಿಣದ ಕಪಾಟು. ಅದರೊಳಗೆ ಸ್ಕ್ಯಾನರ್.

ಈ ಸ್ಕ್ಯಾನರ್ ಅಂದರೆ ಈಗಿನ ಗಾಡಿಯ ನಾಡಿ ಹಿಡಿಯುವ ಯಂತ್ರ. ಕಾರಿನ ಡ್ಯಾಶ್‌ಬೋರ್ಡ್ ಕೆಳಗೆ, ಸ್ಟೇರಿಂಗಿನ ಹತ್ತಿರ, ಒಬಿಡಿ ಪೋರ್ಟ್ ಎಂಬ ಸಣ್ಣ ಕಿಂಡಿ ಇರುತ್ತದೆ. ಅಲ್ಲಿ ಚುಚ್ಚಿದರೆ ಎಲ್ಲಿ ನೋವು ಎಂದು ಗಾಡಿ ಕೋಡಿನಲ್ಲಿ ಹೇಳುತ್ತದೆ. ಪಿ0300 ಅಂದರೆ ಮಿಸ್‌ಫೈರ್. ಪಿ0171 ಅಂದರೆ ಪೆಟ್ರೋಲಿನ ಲೆಕ್ಕಕ್ಕೆ ಗಾಳಿ ಜಾಸ್ತಿ. ಇದಿಲ್ಲದೆ ಇವತ್ತಿನ ಕಾರಿನ ಬಾನೆಟ್ ಎತ್ತುವುದೂ ಒಂದೇ, ಸುಮ್ನೆ ಕೈಮುಗಿದು ನಿಲ್ಲುವುದೂ ಒಂದೇ.

ಅಳಿಯನ ಬ್ಯಾಚಿಗೆ ಸ್ಕ್ಯಾನರ್ ಪಾಠ ಆಗಿದೆ. ಬೋರ್ಡಿನ ಮೇಲೆ. ಮೇಲೆ ಎಂಟು, ಕೆಳಗೆ ಎಂಟು ಚುಕ್ಕಿ ಇಟ್ಟು ಸುತ್ತ ಗೆರೆ ಎಳೆದರು. ಅದೇ ಪೋರ್ಟ್. ರಂಗೋಲಿ ಇದಕ್ಕಿಂತ ಕಷ್ಟ. ಪರೀಕ್ಷೆಯಲ್ಲಿ ಎಷ್ಟು ಪಿನ್ ಎಂದು ಕೇಳಿದ್ದರು, 16 ಎಂದು ಟಿಕ್ ಹಾಕಿ ಬಂದ. ಕಾರಿನಲ್ಲಿ ಅದು ಎಲ್ಲಿರುತ್ತದೆ ಎಂದು ನಾನು ಕೇಳಿದೆ. "ಅದು ಕೇಳ್ಲಿಲ್ಲ ಮಾಮ" ಅಂದ.

ಮತ್ತೆ ಕಪಾಟು ತೆಗೆಯುವುದೇ ಇಲ್ವಾ? ತೆಗೆಯುತ್ತಾರೆ. ಆಯುಧಪೂಜೆಗೆ. ಅಂಬಾಸಿಡರಿಗೆ ಗೊಂಡೆ ಹೂವಿನ ಮಾಲೆ, ಸೀಳಿದ ಎಂಜಿನ್‌ಗೆ ಲಿಂಬೆಹಣ್ಣು, ಸ್ಕ್ಯಾನರ್ ಪೆಟ್ಟಿಗೆಗೆ ಕುಂಕುಮ. ಎರಡು ವರ್ಷದಲ್ಲಿ ಎರಡು ಸಲ ನನ್ನ ಅಳಿಯನೇ ಕುಂಕುಮ ಇಟ್ಟದ್ದು. ಒಂದು ಇಂಟರ್‌ವ್ಯೂನಲ್ಲಿ ಸ್ಕ್ಯಾನರ್ ಅನುಭವ ಉಂಟಾ ಎಂದು ಕೇಳಿದಾಗ ಉಂಟು ಎಂದೇ ಹೇಳಿದನಂತೆ. ಸುಳ್ಳಲ್ಲ.

ಮಾಸ್ತರರನ್ನು ದೂರಿ ಪ್ರಯೋಜನವಿಲ್ಲ ಮಾರಾಯ್ರೆ. ಅವರ ಕಷ್ಟ ಬೇರೆ. ಆ ಯಂತ್ರ ಸ್ಟಾಕ್ ರಿಜಿಸ್ಟರಿನಲ್ಲಿ ಅವರ ಹೆಸರಿನ ಮುಂದೆ ಉಂಟು. ಹುಡುಗರು ಬೀಳಿಸಿದರೆ ಸಂಬಳದಿಂದ ಹೋಗುತ್ತದೆ ಎಂಬ ಭಯ. ಹುಡುಗರು ಕಲಿಯದಿದ್ದರೆ ಸಂಬಳಕ್ಕೆ ಏನೂ ಆಗುವುದಿಲ್ಲ. ಲೆಕ್ಕ ನೋಡಲು ಬಂದವರು ಕೇಳುವುದೂ ಒಂದೇ ಪ್ರಶ್ನೆ: ಇದೆಯಾ? ಇದೆ. ಎಣಿಸಿದರು, ಟಿಕ್ ಹಾಕಿದರು, ಗೋಳಿಬಜೆ ತಿಂದು ಹೋದರು. ಚೆನ್ನಾಗಿ ಇಟ್ಟುಕೊಂಡ ಯಂತ್ರ ಅಂದರೆ ಯಾರೂ ಮುಟ್ಟದ ಯಂತ್ರ ಎಂದು ಆ ರಿಜಿಸ್ಟರೇ ಅವರಿಗೆ ಕಲಿಸಿದೆ. ಸಾಲದ್ದಕ್ಕೆ ಬೀಗದ ಕೈ ಇದ್ದವರು ಒಮ್ಮೆ ಚುನಾವಣೆ ಡ್ಯೂಟಿಗೆ ಹೋದರು. ಕೀ ಕೂಡ ಅವರ ಕಿಸೆಯಲ್ಲೇ ಡ್ಯೂಟಿಗೆ ಹೋಯಿತು.

ಸರ್ಕಾರ ಯಂತ್ರ ಕೊಡುವುದಿಲ್ಲ ಎಂದು ಹೇಳಿದರೆ ನಾಲಿಗೆ ಬಿದ್ದುಹೋದೀತು. 2022ರ ಜೂನ್‌ನಲ್ಲಿ ರಾಜ್ಯದ 150 ಐಟಿಐಗಳನ್ನು ಟೆಕ್ನಾಲಜಿ ಹಬ್ ಎಂದು ಪ್ರಧಾನಿಯೇ ಲೋಕಾರ್ಪಣೆ ಮಾಡಿದ್ದಾರೆ. ಪುಸ್ತಕಕ್ಕೆ ಎಲೆಕ್ಟ್ರಿಕ್ ಗಾಡಿಯೂ ಬಂದಿದೆ. ನಮ್ಮಲ್ಲಿ ಯಂತ್ರಕ್ಕೆ ಬರಗಾಲವಿಲ್ಲ, ಬೀಗಕ್ಕೂ ಇಲ್ಲ. ವರ್ಷಗಟ್ಟಲೆ ನಮ್ಮನ್ನು ಕಾಯಿಸಿದ ಪಂಪ್‌ವೆಲ್ ಫ್ಲೈಓವರ್ ಕೂಡ 2020ರ ಜನವರಿ 31ಕ್ಕೆ ತೆರೆದುಕೊಂಡಿತು. ಕಪಾಟಿನ ಮೇಲೆ ಭರವಸೆ ಇಟ್ಟುಕೊಳ್ಳಲು ನನಗೆ ಅದೊಂದೇ ಕಾರಣ.

ಕಡೆಗೆ ಸ್ಕೂಟರನ್ನು ಬೈಕಂಪಾಡಿ ಕಡೆಯ ಒಬ್ಬ ಮೇಸ್ತ್ರಿಯ ಗ್ಯಾರೇಜಿಗೆ ತಳ್ಳಿದೆವು. ತಗಡಿನ ಮಾಡು, ಹೊರಗೆ ಅರ್ಧ ಬಿಚ್ಚಿದ ಮೀನಿನ ಟೆಂಪೊ. ಮೇಸ್ತ್ರಿ ಗಾಡಿಯ ಮೇಲ್ಭಾಗ ನೋಡಲೇ ಇಲ್ಲ. ಕುಕ್ಕರುಗಾಲಲ್ಲಿ ಕೂತು, ಸೈಡ್ ಸ್ಟ್ಯಾಂಡಿನ ಬುಡದಲ್ಲಿ ಬೆರಳು ಹಾಕಿ ಒಂದು ಹಿಡಿ ಕೆಸರು ತೆಗೆದರು. ಅಲ್ಲೊಂದು ಸಣ್ಣ ಸ್ವಿಚ್. ಪೆಟ್ರೋಲಿನಲ್ಲಿ ಬ್ರಷ್ ಅದ್ದಿ ತೊಳೆದು, ಬಾಯಿಂದ ಊದಿ ಒಣಗಿಸಿದರು. ಗಾಡಿ ಸ್ಟಾರ್ಟ್.

"ಸ್ಟ್ಯಾಂಡ್ ಹಾಕಿಯೇ ಉಂಟು ಅಂತ ಗಾಡಿ ಎಣಿಸಿದ್ದು. ಸ್ಟ್ಯಾಂಡ್ ಹಾಕಿದ್ರೆ ಇದು ಸ್ಟಾರ್ಟ್ ಆಗುದಿಲ್ಲ" ಅಂದರು. ಐವತ್ತು ರೂಪಾಯಿ. ಅಳಿಯ ನೆಲ ನೋಡುತ್ತಿದ್ದ.

ಮೇಸ್ತ್ರಿ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಸೀಮೆಎಣ್ಣೆ ಬಾಲ್ದಿಯಲ್ಲಿ ಬೇರಿಂಗ್ ತೊಳೆಯುತ್ತ, ತುಳುವಿನಲ್ಲಿ ಬೈಗುಳ ತಿನ್ನುತ್ತ ಕಲಿತವರು. ಸ್ಕ್ಯಾನರ್ ಅವರಲ್ಲೂ ಉಂಟು. ಬೆಂಕಿಪೊಟ್ಟಣದಷ್ಟು ದೊಡ್ಡದು, ಆನ್‌ಲೈನಿನಲ್ಲಿ ತರಿಸಿದ್ದು, ಬ್ಲೂಟೂತಿನಲ್ಲಿ ಮೊಬೈಲಿಗೆ ಕೋಡು ಕಳಿಸುತ್ತದೆ. ಮೈಯೆಲ್ಲ ಗ್ರೀಸ್. ಕುಂಕುಮ ಒಮ್ಮೆಯೂ ಕಂಡದ್ದಲ್ಲ.

ನಾವು ಅಲ್ಲಿದ್ದಾಗಲೇ ಒಂದು ಕಾರು ಬಂತು. ದೊಡ್ಡ ಸರ್ವಿಸ್ ಸೆಂಟರಿನಲ್ಲಿ ಪಿ0171 ನೋಡಿ ಆಕ್ಸಿಜನ್ ಸೆನ್ಸರ್ ಬದಲಿಸಿದ್ದರಂತೆ, ಮೂರನೇ ದಿನ ಡ್ಯಾಶ್‌ಬೋರ್ಡಿನ ಎಂಜಿನ್ ಲೈಟ್ ಮತ್ತೆ ಹತ್ತಿದೆ. ಮೇಸ್ತ್ರಿ ಎಂಜಿನ್ ಚಾಲೂ ಇಟ್ಟು ಕಿವಿ ಕೊಟ್ಟರು. ಉಸ್ ಎಂಬ ಸಣ್ಣ ಸದ್ದು. ಕೈಯನ್ನು ಮೊಣಕೈ ತನಕ ಒಳಗೆ ಇಳಿಸಿ ಒಂದು ರಬ್ಬರ್ ಪೈಪ್ ಎಳೆದರು. ಅದರ ಮೇಲೆ ಇಲಿಯ ಹಲ್ಲಿನ ಗುರುತು. ಮಳೆಗಾಲದಲ್ಲಿ ಬೆಚ್ಚಗೆ ಇರುತ್ತದೆ ಎಂದು ಇಲಿಗಳು ಬಾನೆಟ್ ಒಳಗೆ ಸಂಸಾರ ಹೂಡುತ್ತವೆ, ಹೊತ್ತು ಹೋಗದಿದ್ದರೆ ಪೈಪು, ವಯರು ತಿನ್ನುತ್ತವೆ. ತೂತಿನಿಂದ ಗಾಳಿ ಹೋಗುತ್ತಿತ್ತು.

"ಗಾಳಿ ಜಾಸ್ತಿ ಅಂತ ಮಿಶನ್ ಸರಿಯಾಗಿಯೇ ಹೇಳಿದೆ. ಗಾಳಿ ಎಲ್ಲಿಂದ ಅಂತ ಹೇಳುವ ಮಿಶನ್ ಇನ್ನೂ ಬರ್ಲಿಲ್ಲ" ಅಂದರು.

ಇಂಥವರಿಗೆ ವಿದ್ಯೆ ಇದೆಯೋ ಇಲ್ಲವೋ ಎಂದು ಸರ್ಕಾರಕ್ಕೂ ಅನುಮಾನ ಬಂದು, ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುವ ಯೋಜನೆ ಉಂಟು. ಆರ್‌ಪಿಎಲ್ ಅನ್ನುತ್ತಾರೆ, ಮೊದಲೇ ಕಲಿತದ್ದನ್ನು ಗುರುತಿಸುವುದು. ಯೋಚನೆ ಒಳ್ಳೆಯದೇ. ನಡೆದದ್ದು ಹೀಗೆ. ಒಂದು ಹಾಲಿಗೆ ಮೇಸ್ತ್ರಿಯನ್ನು ಕರೆದರು. ಎದುರು ಟ್ಯಾಬ್ ಹಿಡಿದ ಒಬ್ಬ ಹುಡುಗ, ಮೇಸ್ತ್ರಿಯ ಮಗನ ಪ್ರಾಯ. ಸ್ಪ್ಯಾನರುಗಳ ಚಿತ್ರ ತೋರಿಸಿ ಇದರಲ್ಲಿ ಸ್ಪ್ಯಾನರ್ ಯಾವುದು ಎಂದು ಕೇಳಿದ. ನಾಲ್ಕೂ ಸ್ಪ್ಯಾನರೇ ಅಲ್ವಾ ಎಂದರು ಇವರು. ಒಂದೇ ಉತ್ತರ ಹೇಳಬೇಕು ಅಂದ ಹುಡುಗ. ಮೇಸ್ತ್ರಿ ಅಳುಕುತ್ತ ಒಂದನ್ನು ಮುಟ್ಟಿದರು.

ಎಂಜಿನ್ ಭಾಗದಲ್ಲಿ ಪೂರ್ತಿ ಅಂಕ. ಮಾರ್ಕು ಹೋದದ್ದು ಗ್ರಾಹಕರನ್ನು ಬರಮಾಡಿಕೊಳ್ಳುವುದರಲ್ಲಿ. ಗ್ರಾಹಕ ಗಾಡಿ ತಂದಾಗ ನೀವು ಮೊದಲು ಏನು ಹೇಳುತ್ತೀರಿ ಎಂದು ಪ್ರಶ್ನೆ.

"ಎಂತ ಆಯ್ತು? ಅಂತ ಕೇಳ್ತೇನೆ" ಅಂದರಂತೆ.

ತಪ್ಪು. ನಗುಮುಖದಿಂದ ಶುಭೋದಯ ಹೇಳಬೇಕಿತ್ತು. ಕೆಟ್ಟ ಗಾಡಿ ತಳ್ಳಿಕೊಂಡು ಮಳೆಯಲ್ಲಿ ಬಂದವನಿಗೆ ಶುಭೋದಯ ಹೇಳಿದರೆ ಸ್ಪ್ಯಾನರ್ ಯಾವ ಕಡೆಯಿಂದ ಹಾರಿ ಬರುತ್ತದೆ ಎಂಬ ಪ್ರಶ್ನೆ ಟ್ಯಾಬಿನಲ್ಲಿ ಇರಲಿಲ್ಲ. ಆದರೂ ಪಾಸು. ಲೆವೆಲ್ 4 ಟೆಕ್ನಿಷಿಯನ್ ಎಂಬ ಸರ್ಟಿಫಿಕೇಟ್, ಒಂದು ಟೊಪ್ಪಿ, ಒಂದು ಟಿ-ಶರ್ಟ್ ಸಿಕ್ಕಿತು. ಟಿ-ಶರ್ಟ್ ಮೇಸ್ತ್ರಿಯ ಹೊಟ್ಟೆಯ ಮೇಲೆ ಇಳಿಯಲಿಲ್ಲ. ಈಗ ಅದರಲ್ಲಿ ಕೈ ಒರೆಸುತ್ತಾರೆ. ಹತ್ತಿಯದ್ದು, ಎಣ್ಣೆ ಚೆನ್ನಾಗಿ ಹೀರುತ್ತದೆ ಎಂದು ಮೆಚ್ಚಿಕೊಂಡೇ ಹೇಳಿದರು.

ಅಳಿಯ ಈಗ ಅದೇ ಗ್ಯಾರೇಜಿನಲ್ಲಿ ಇದ್ದಾನೆ. ಅಕ್ಕ ಮಾತ್ರ ನೆಂಟರ ಹತ್ತಿರ "ಆಟೊಮೊಬೈಲ್ ಲೈನಿನಲ್ಲಿದ್ದಾನೆ" ಎನ್ನುತ್ತಾಳೆ. ನಮ್ಮ ಕಡೆ ಗುಡ್ಡಕ್ಕೊಂದು ಎಂಜಿನಿಯರಿಂಗ್ ಕಾಲೇಜು, ಮೆಕ್ಯಾನಿಕ್ ಅಂದರೆ ಹೆಣ್ಣು ಕೊಡುವುದಿಲ್ಲ. ಅದೇ ಮೆಕ್ಯಾನಿಕ್ ದುಬೈಯಲ್ಲಿದ್ದರೆ ಕೊಡುತ್ತಾರೆ. ಇರಲಿ. ಐಟಿಐಯಲ್ಲಿ ತಿಂಗಳುಗಟ್ಟಲೆ ಕಬ್ಬಿಣದ ತುಂಡಿಗೆ ಅರ ಉಜ್ಜಿಸಿದ್ದನ್ನು ನಾನು ತಮಾಷೆ ಮಾಡಿದ್ದೆ, ಮೇಸ್ತ್ರಿ ನಗಲಿಲ್ಲ. "ಅದೊಂದು ಸರಿಯಾಗಿ ಕಲಿಸಿದ್ದಾರೆ ಸರ್, ಹುಡುಗನ ಕೈಗೆ ಲೆವೆಲ್ ಗೊತ್ತುಂಟು" ಅಂದರು. ಅಷ್ಟರ ಮಟ್ಟಿಗೆ ನನ್ನ ಮಾತು ವಾಪಸ್.

ಮೊನ್ನೆ ಹೊಸದೊಂದು ಬೆಳವಣಿಗೆ. ಅಳಿಯ ಓದಿದಲ್ಲಿಂದ ಮೇಸ್ತ್ರಿಗೆ ಕರೆ ಬಂತು. ಹುಡುಗರಿಗೆ ಸ್ಕ್ಯಾನರ್ ತೋರಿಸಿ ಕೊಡಬೇಕು, ನೀವು ಸಂಪನ್ಮೂಲ ವ್ಯಕ್ತಿ ಎಂದರು. ನಿಮ್ಮಲ್ಲೇ ದೊಡ್ಡದು ಉಂಟಲ್ಲ ಎಂದರೆ, ಅದರ ಸಾಫ್ಟ್‌ವೇರ್ ಅವಧಿ ಮುಗಿದಿದೆ, ನಿಮ್ಮದೇ ತನ್ನಿ ಎಂದರು. ಮೇಸ್ತ್ರಿ ಇಸ್ತ್ರಿ ಅಂಗಿ ಹಾಕಿ ಹೋದರು. ಒಬ್ಬ ಮಾಸ್ತರರ ಕಾರಿಗೇ ಚುಚ್ಚಿ ಒಂದೂವರೆ ಗಂಟೆ ತೋರಿಸಿದರು. ಹುಡುಗರು ಮುಗಿಬಿದ್ದು ನೋಡಿದರಂತೆ. ಆಮೇಲೆ ಒಳಗೆ ಕಾಫಿಗೆ ಕರೆದರು. ಕಾಫಿ ಕುಡಿದು ಬರುವಷ್ಟರಲ್ಲಿ ಬೆಂಕಿಪೊಟ್ಟಣ ಮೇಜಿನ ಮೇಲೆ ಇಲ್ಲ. ಲ್ಯಾಬಿನಲ್ಲಿ ಸ್ಕ್ಯಾನರ್ ಬಿದ್ದಿದೆ ಎಂದು ಯಾರೋ ಜವಾಬ್ದಾರಿಯಿಂದ ರಿಜಿಸ್ಟರಿಗೆ ಏರಿಸಿ, ನಂಬರ್ ಬರೆದು, ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾರೆ. ಈಗ ಹೊರಗೆ ತೆಗೆಯಬೇಕಾದರೆ ಅರ್ಜಿ ಕೊಡಬೇಕು. ಅದು ನಿಮ್ಮದೇ ಎನ್ನುವುದಕ್ಕೆ ಬಿಲ್ಲು ಬೇಕು.

ಬಿಲ್ಲು ಎಲ್ಲಿಂದ ಬರಬೇಕು? ನಿನ್ನೆ ಸಂಜೆ ಗ್ಯಾರೇಜಿಗೆ ಹೋದಾಗ ಅಳಿಯ ಆಯಿಲ್ ಡಬ್ಬಿಯ ಮೇಲೆ ಕೂತು, ತೊಡೆಯ ಮೇಲೆ ಪೇಪರ್ ಇಟ್ಟುಕೊಂಡು ಬರೆಯುತ್ತಿದ್ದ. "ಮಾನ್ಯರೇ, ವಿಷಯ: ನನ್ನ ಸ್ವಂತ ಸ್ಕ್ಯಾನರ್ ಹಿಂತಿರುಗಿಸುವ ಬಗ್ಗೆ." ಬಿಲ್ಲಿನ ಬದಲಿಗೆ ಲೆವೆಲ್ 4 ಸರ್ಟಿಫಿಕೇಟಿನ ಜೆರಾಕ್ಸ್ ಲಗತ್ತಿಸಬಹುದಾ ಎಂದು ನನ್ನನ್ನು ಕೇಳಿದ.

ಆಚೆ ಮೇಸ್ತ್ರಿ ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಕೆಯನ್ನು ಕಿವಿಗೆ ಒತ್ತಿಕೊಂಡು ನಿಂತಿದ್ದರು. ಮಾತಾಡಬೇಡಿ ಎಂದು ಕೈಸನ್ನೆ ಮಾಡಿದರು.