ಚಿನ್ನ ಕಟ್ಟಿದ ಊರಲ್ಲ, ಮಣ್ಣು ಉಳಿಸಿದ ಊರು
ಸ್ಯಾಕ್ರಮೆಂಟೊ ಕ್ಯಾಲಿಫೋರ್ನಿಯಾದ ರಾಜಧಾನಿಯಾಗಿ ಉಳಿದದ್ದು ಚಿನ್ನದ ಬಲದಿಂದ ಎಂದು ಲೇಖಕರೊಬ್ಬರು ಬರೆದಿದ್ದಾರೆ; ಆ ಮಾತನ್ನು ನಾನು ಒಪ್ಪಲಾರೆ. 1848ರಲ್ಲಿ ಸಿಕ್ಕ ಚಿನ್ನ ಊರನ್ನು ಬೆಳೆಸಿತು, ನಿಜ. ಆದರೆ ಸ್ಯಾನ್ ಹೋಸೆ, ವಲೇಹೊ, ಬೆನಿಶಿಯಾಗಳನ್ನು ಸುತ್ತಿ 1854ರಲ್ಲಿ ಇಲ್ಲಿಗೆ ಬಂದ ರಾಜಧಾನಿಯ ಪಟ್ಟ ಎಂಟೇ ವರ್ಷಗಳಲ್ಲಿ ಅಕ್ಷರಶಃ ನೀರುಪಾಲಾಗುವುದರಲ್ಲಿತ್ತು. 1862ರ ಜನವರಿಯ ಪ್ರವಾಹದಲ್ಲಿ ಗವರ್ನರ್ ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್ ಪ್ರಮಾಣವಚನಕ್ಕೆ ದೋಣಿಯಲ್ಲಿ ಹೋಗಬೇಕಾಯಿತು, ಶಾಸನಸಭೆ ಸ್ಯಾನ್ ಫ್ರಾನ್ಸಿಸ್ಕೊಗೆ ಗಂಟುಮೂಟೆ ಕಟ್ಟಿತು. ಆಗ ಊರನ್ನು ಕಾಪಾಡಿದ್ದು ಬೀದಿಗಳನ್ನೇ ಮೇಲೆತ್ತುವ ಹಠ: ರಸ್ತೆಯ ಇಬ್ಬದಿಗೂ ಇಟ್ಟಿಗೆ ಗೋಡೆ ಕಟ್ಟಿ, ನಡುವೆ ಮಣ್ಣು ತುಂಬಿ, ಕೆಲವು ಕಟ್ಟಡಗಳನ್ನು ಜ್ಯಾಕ್‌ಸ್ಕ್ರೂಗಳಿಂದ (ತಿರುಗಿಸಿ ಭಾರ ಎತ್ತುವ ತಿರುಪುಗಳಿಂದ) ಇಂಚಿಂಚಾಗಿ ಎತ್ತಿದರು, ಎತ್ತಲಾಗದವುಗಳ ನೆಲಮಹಡಿಯೇ ನೆಲಮಾಳಿಗೆಯಾಯಿತು. ಹಳೆಯ ಸ್ಯಾಕ್ರಮೆಂಟೊದಲ್ಲಿ ಆ ಗೋಡೆಗೂ ಕಟ್ಟಡಗಳಿಗೂ ನಡುವೆ, ಪಾದಚಾರಿ ದಾರಿಯ ಕೆಳಗೆ ಉಳಿದ ಟೊಳ್ಳು ಜಾಗಕ್ಕೆ ಇಳಿದಾಗ, ಒಂದು ಕಾಲದ ಅಂಗಡಿ ಬಾಗಿಲುಗಳು ಈಗ ಮಣ್ಣು ತಡೆಯುವ ಗೋಡೆಗೆ ಮುಖ ಮಾಡಿ ನಿಂತಿರುವುದನ್ನು ನಾನೇ ಕಂಡಿದ್ದೇನೆ. ಚಿನ್ನದ ಪಾಲನ್ನು ಹೇಳುವುದಾದರೆ ಲೇಖಕರು ಇದನ್ನೂ ಹೇಳಬೇಕಿತ್ತು: ನೀರಿನ ರಭಸದಿಂದ ಗುಡ್ಡಗಳನ್ನು ಕರಗಿಸುತ್ತಿದ್ದ ಗಣಿಗಾರಿಕೆಯ ಹೂಳು ನದಿಪಾತ್ರಗಳನ್ನು ತುಂಬಿಸಿ ನೆರೆಯ ಭೀತಿಯನ್ನು ಹೆಚ್ಚಿಸಿತು, ಅದಕ್ಕೆ ಕಡಿವಾಣ ಬಿದ್ದದ್ದು 1884ರ ನ್ಯಾಯಾಲಯದ ತೀರ್ಪಿನಿಂದ.