ಮೋಟರ್ ಆಮೇಲೆ, ಮೊದಲು ಮಡಿಕೆ

ಸ್ವಲ್ಪ ಉದ್ದದ ಬರಹ, ಪುರುಸೊತ್ತಿದ್ದಾಗ ಓದಿ. ಒರಿಗಾಮಿ (ಕಾಗದ ಮಡಿಸುವ ಕಲೆ) ಮತ್ತು ರೋಬಾಟಿಕ್ಸ್ ಸೇರಿಸಿ ಏನಾದರೂ ಮಾಡಬೇಕು, ವಿದೇಶದ ರೆಸಿಡೆನ್ಸಿಗೆ (ಕಲಾವಿದರು ಕೆಲವು ತಿಂಗಳು ಅಲ್ಲೇ ಇದ್ದು ಕೃತಿ ಮಾಡುವ ಅವಕಾಶ) ಅರ್ಜಿ ಹಾಕಬೇಕು ಅಂತಿರುವ ಶಿರಸಿ, ಕುಮಟಾ, ಕಾರವಾರ ಕಡೆಯ ಕಲಾವಿದರಿಗಾಗಿ.

ಇಂಥ ಅರ್ಜಿಗಳಲ್ಲಿ ಸೆನ್ಸರ್, ಆರ್ಡುಯಿನೊ (ಮೋಟರ್ ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡ್), ಕೋಡಿಂಗ್ ಬಗ್ಗೆ ಎರಡು ಪುಟ ಇರುತ್ತದೆ, ಕಾಗದದ ಬಗ್ಗೆ ಒಂದು ಸಾಲು. ಇದು ತಲೆಕೆಳಗು. ಪ್ರದರ್ಶನದ ದಿನ ಮೊದಲು ಕೈಕೊಡುವುದೇ ಮಡಿಕೆ.

ಲೆಕ್ಕ ಹಾಕಿ ನೋಡಿ. ಕೃತಿ ಹತ್ತು ಸೆಕೆಂಡಿಗೊಮ್ಮೆ ಮುಚ್ಚಿ ತೆರೆಯುತ್ತದೆ ಅಂದುಕೊಳ್ಳೋಣ. ಗಂಟೆಗೆ 360 ಸಲ. ಗ್ಯಾಲರಿ ದಿನಕ್ಕೆ 6 ಗಂಟೆ ತೆರೆದಿದ್ದರೆ 2,160. ಹತ್ತು ದಿನಕ್ಕೆ 21,600. ಝೆರಾಕ್ಸ್ ಅಂಗಡಿಯ 80 ಜಿಎಸ್‌ಎಂ ಹಾಳೆ ಅಷ್ಟು ಬಾಳಲಿಕ್ಕಿಲ್ಲ ಮಾರಾಯರೇ. ಗೆರೆಗಳು ಕೂಡುವ ಮೂಲೆಯಲ್ಲಿ ಮೊದಲು ಸೂಜಿಮೊನೆಯಷ್ಟು ತೂತು, ಆಮೇಲೆ ಅಲ್ಲಿಂದಲೇ ಸೀಳು. ಅದೇ ಕೃತಿ ಎರಡು ನಿಮಿಷಕ್ಕೊಮ್ಮೆ ಉಸಿರಾಡಿದರೆ ದಿನಕ್ಕೆ 180 ಸಲ ಅಷ್ಟೇ. ನೋಡುವವರೂ ಕಾದು ನೋಡುತ್ತಾರೆ, ಹಾಗೆ ನೋಡಿದರೇ ಚೆಂದ.

ಕಲಿಯಲು ಮಿಯುರಾ ಮಡಿಕೆಗಿಂತ ಒಳ್ಳೆಯದು ಇಲ್ಲ. ಜಪಾನಿನ ಬಾಹ್ಯಾಕಾಶ ಎಂಜಿನಿಯರ್ ಕೊರಿಯೊ ಮಿಯುರಾ ರೂಪಿಸಿದ್ದು. 1995ರಲ್ಲಿ ಜಪಾನ್ ಹಾರಿಸಿದ ಸ್ಪೇಸ್ ಫ್ಲೈಯರ್ ಯೂನಿಟ್ ಉಪಗ್ರಹದಲ್ಲಿ ಪ್ರಯೋಗಕ್ಕೆಂದು ಇಟ್ಟ ಸೌರಫಲಕ ಬಿಚ್ಚಿಕೊಂಡದ್ದು ಈ ಮಡಿಕೆಯಿಂದಲೇ. ಎ4 ಹಾಳೆಯನ್ನು ಉದ್ದಕ್ಕೆ 5 ಸಮ ಪಟ್ಟಿಯಾಗಿ ಬೀಸಣಿಗೆಯಂತೆ ಮಡಿಸಿ. ಒಂದರ ಮೇಲೊಂದು ಕೂತ ಆ ಪಟ್ಟಿಯನ್ನು 7 ಭಾಗ ಆಗುವಂತೆ ಅಡ್ಡಕ್ಕೆ ಮಡಿಸಬೇಕು, ಆದರೆ ಆರೇಳು ಡಿಗ್ರಿ ಓರೆಯಾಗಿ, ಪ್ರತಿ ಗೆರೆಯೂ ಹಿಂದಿನದಕ್ಕೆ ಸಮಾನಾಂತರವಾಗಿ. ಪೂರ್ತಿ ಬಿಚ್ಚಿ. ಅಡ್ಡ ಗೆರೆಗಳು ಅಂಕುಡೊಂಕಾಗಿ ಕಾಣುತ್ತವೆ. ಒಂದು ಅಂಕುಡೊಂಕು ಗೆರೆ ಈ ತುದಿಯಿಂದ ಆ ತುದಿಯವರೆಗೆ ಉಬ್ಬು, ಪಕ್ಕದ್ದು ಪೂರ್ತಿ ತಗ್ಗು ಆಗುವಂತೆ ಬೆರಳಲ್ಲಿ ಒಂದೊಂದೇ ತಿರುಗಿಸುತ್ತ ಬನ್ನಿ. ಹೆಚ್ಚಿನವರು ಸಿಕ್ಕಿಕೊಳ್ಳುವುದು ಇಲ್ಲೇ. ಪರೀಕ್ಷೆ ಸುಲಭ: ಒಂದು ಬಿಂದುವಿನಲ್ಲಿ ಕೂಡುವ ನಾಲ್ಕು ಗೆರೆಗಳಲ್ಲಿ ಮೂರು ಒಂದು ಬಗೆ, ಒಂದು ಇನ್ನೊಂದು ಬಗೆ ಇರಬೇಕು. ಎರಡು-ಎರಡು ಬಂದಿದ್ದರೆ ತಪ್ಪಿದ್ದು ಅಲ್ಲೇ.

ಸರಿಯಾಗಿ ಕೂತರೆ ಒಂದು ಮೂಲೆ ಹಿಡಿದು ಎಳೆದಾಗ ಇಡೀ ಹಾಳೆ ಬಿಚ್ಚಿಕೊಳ್ಳುತ್ತದೆ. ಅಂದರೆ ಒಂದೇ ಮೋಟರ್ ಸಾಕು. ಇದು ಗಣಿತದ ಮಾತು. ನಿಜದಲ್ಲಿ ಕಾಗದದ ಫಲಕ ತಾನೇ ಬಾಗಿ, ಎಳೆದ ಬಲವನ್ನು ನುಂಗುತ್ತದೆ, ಆಚೆ ತುದಿ ಅಲುಗುವುದೇ ಇಲ್ಲ. ಅದಕ್ಕೆ ಫಲಕ ಗಟ್ಟಿ, ಕೀಲು ಮೆತ್ತಗೆ ಇರಬೇಕು. 0.4 ಮಿ.ಮೀ. ದಪ್ಪದ ಕಾರ್ಡ್‌ಬೋರ್ಡ್ ತುಂಡುಗಳನ್ನು ತೆಳು ನೈಲಾನ್ ಬಟ್ಟೆಗೆ ಅಂಟಿಸಿ, ತುಂಡುಗಳ ನಡುವೆ 1 ಮಿ.ಮೀ. ಸಂದು ಬಿಡಿ. ಬಿಂದು ಇರುವಲ್ಲೆಲ್ಲ 3 ಮಿ.ಮೀ. ತೂತು ಹೊಡೆಯಿರಿ, ಸೀಳು ಶುರುವಾಗಲು ಜಾಗವೇ ಇರುವುದಿಲ್ಲ. ದಪ್ಪವನ್ನೂ ಮರೆಯಬೇಡಿ: 35 ಫಲಕ ಒಂದರ ಮೇಲೊಂದು ಬಂದರೆ ಬೋರ್ಡೇ 14 ಮಿ.ಮೀ., ಬಟ್ಟೆ ಬೇರೆ.

ಇನ್ನು ತೇವ. ಫೆವಿಕಾಲ್‌ನಲ್ಲಿ ನೀರಿದೆ, ಬೋರ್ಡು ಸೊಟ್ಟಗಾಗುತ್ತದೆ. ಎರಡು ಬದಿ ಅಂಟಿನ ಟೇಪ್ ವಾಸಿ. ಕಾಗದದ ನಾರು ತೇವ ಕುಡಿದಾಗ ಅಡ್ಡಕ್ಕೆ ಊದಿಕೊಳ್ಳುತ್ತದೆ, ಉದ್ದಕ್ಕೆ ಬಹಳ ಕಡಿಮೆ. ಆಷಾಢದ ಕಾರವಾರದಲ್ಲಿ ಬೆಳಿಗ್ಗೆ ನೇರ ಇದ್ದ ಗೆರೆ ಸಂಜೆಗೆ ಬಿಲ್ಲಾಗುವುದು ಇದರಿಂದ. ಯುರೋಪಿನ ಚಳಿಗಾಲದಲ್ಲಿ ಉಲ್ಟಾ: ಹೀಟರ್ ಹಾಕಿದ ಕೋಣೆಯ ಗಾಳಿ ಒಣಗಿ, ಅದೇ ಕಾಗದ ಮಡಿಕೆಯಲ್ಲಿ ಬಿರಿಯುತ್ತದೆ. ನಾರಿನ ದಿಕ್ಕು ತಿಳಿಯಲು ಚಿಕ್ಕ ಚೌಕ ಕತ್ತರಿಸಿ ಒಂದು ಬದಿ ಒದ್ದೆ ಮಾಡಿ. ಅದು ಸುರುಳಿಯಾಗುತ್ತದೆ, ಸುರುಳಿಯ ಕೊಳವೆ ಯಾವ ದಿಕ್ಕಿಗೋ ನಾರೂ ಅದೇ ದಿಕ್ಕಿಗೆ. ಮಿಯುರಾದ ಉದ್ದ ಗೆರೆಗಳು ಆ ದಿಕ್ಕಿಗೇ ಇರಲಿ. ನಮ್ಮ ಅಡುಗೆಮನೆಗೆ ಇದೇನು ಹೊಸದಲ್ಲ. ಬಾಳೆಲೆಯನ್ನು ಬೆಂಕಿಯ ಮೇಲೆ ಬಾಡಿಸದೆ ಮಡಿಸಿದರೆ ನರದ ಗುಂಟ ಸೀಳುತ್ತದೆ ಅಂತ ಎಲ್ಲರಿಗೂ ಗೊತ್ತು. ಅರ್ಜಿಯಲ್ಲಿ ಯಕ್ಷಗಾನದ ಕಿರೀಟದ ಫೋಟೊ ಹಾಕಿ ‘ಪರಂಪರೆ ಮತ್ತು ತಂತ್ರಜ್ಞಾನದ ಸಂಗಮ’ ಅಂತ ಬರೆಯುವ ಬದಲು, ಬಾಡಿದ ಎಲೆ ಮತ್ತು ಹಸಿ ಎಲೆ ಎಲ್ಲಿ ಸೀಳುತ್ತವೆ ಅಂತ ತೋರಿಸುವ ಎರಡು ಚಿತ್ರ ಹಾಕಿ. ನನ್ನ ಲೆಕ್ಕದಲ್ಲಿ ಅದಕ್ಕೆ ತೂಕ ಹೆಚ್ಚು.

ಮೋಟರ್ ವಿಷಯ. ಎಲ್ಲರೂ ಕೊಳ್ಳುವ ಎಸ್‌ಜಿ90 ಸರ್ವೊ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಪುಟ್ಟ ಮೋಟರ್) 9 ಗ್ರಾಂ, ತಿರುಗಿಸುವ ಬಲ 1.8 ಕೆಜಿ-ಸೆಂ.ಮೀ. 3 ಸೆಂ.ಮೀ. ತೋಳು ಹಾಕಿದರೆ ತುದಿಯಲ್ಲಿ 600 ಗ್ರಾಂ, ಅದೂ ತಡೆದು ನಿಂತಾಗಿನ ಗರಿಷ್ಠ. 200 ಗ್ರಾಂ ಅಂತಲೇ ಲೆಕ್ಕ ಇಟ್ಟುಕೊಳ್ಳಿ. ಅದರ ಪ್ಲಾಸ್ಟಿಕ್ ಹಲ್ಲು ಮುರಿಯುತ್ತದೆ, ಪ್ರದರ್ಶನಕ್ಕೆ ಲೋಹದ ಹಲ್ಲಿನ ಎಂಜಿ90ಎಸ್ ಇರಲಿ. ಫಲಕವನ್ನು ತೋಳಿನಿಂದ ದೂಡಬೇಡಿ, ದಾರದಿಂದ ಎಳೆಯಿರಿ. ಗಾಳದ ನೈಲಾನ್ ದಾರ ಸಾಕು ಅನ್ನಿಸುತ್ತದೆ, ಆದರೆ ಅದು ಜಗ್ಗುತ್ತದೆ. ಹೆಣೆದ ದಾರ ಉತ್ತಮ. ದಾರ ಹಾಯುವ ತೂತಿಗೆ ಐಲೆಟ್ (ಲೋಹದ ಪುಟ್ಟ ಬಳೆ) ಹಾಕದಿದ್ದರೆ ದಾರವೇ ಗರಗಸವಾಗಿ ಬೋರ್ಡನ್ನು ಕೊಯ್ಯುತ್ತದೆ.

ಸರ್ವೊ ನಡುಗುತ್ತದೆ, ಆರ್ಡುಯಿನೊ ತಾನೇ ರೀಸೆಟ್ ಆಗುತ್ತದೆ ಅಂತ ರಾತ್ರಿಯಿಡೀ ಕೋಡ್ ತಿದ್ದುವವರಿದ್ದಾರೆ. ಹೆಚ್ಚಾಗಿ ತಪ್ಪು ಕರೆಂಟಿನಲ್ಲಿ. ಒಂದು ಸರ್ವೊ ಸಿಕ್ಕಿಹಾಕಿಕೊಂಡರೆ ಸುಮಾರು 650 ಮಿಲಿಆಂಪ್ ಎಳೆಯುತ್ತದೆ, ಎಂಟಕ್ಕೆ 5 ಆಂಪ್ ದಾಟಿತು. ಯುಎಸ್‌ಬಿ ಕೇಬಲ್ಲಿಗೆ ಅದು ಆಗದ ಮಾತು. 5 ವೋಲ್ಟ್ 6 ಆಂಪ್‌ನ ಬೇರೆ ಸಪ್ಲೈ, 1000 ಮೈಕ್ರೊಫ್ಯಾರಡ್ ಕೆಪಾಸಿಟರ್, ಸಪ್ಲೈ ಮತ್ತು ಆರ್ಡುಯಿನೊ ಎರಡರ ಗ್ರೌಂಡ್ (ನೆಗೆಟಿವ್ ತಂತಿ) ಒಂದೇ. ಸರ್ವೊಗಳನ್ನು 100 ಮಿಲಿಸೆಕೆಂಡ್ ಅಂತರದಲ್ಲಿ ಒಂದೊಂದಾಗಿ ಎಬ್ಬಿಸಿ.

ಸದ್ದೇ ಬೇಡ ಅನ್ನುವವರು ನಿಟಿನಾಲ್ (ನಿಕಲ್-ಟೈಟಾನಿಯಂ ಮಿಶ್ರಲೋಹ) ತಂತಿಗೆ ಹೋಗುತ್ತಾರೆ. ಬಿಸಿಯಾದರೆ ಸುಮಾರು 4% ಕುಗ್ಗುತ್ತದೆ, 10 ಸೆಂ.ಮೀ.ಗೆ 4 ಮಿ.ಮೀ. ಅಷ್ಟೇ. ಬೆಸುಗೆ ಸುಲಭವಾಗಿ ಹಿಡಿಯುವುದಿಲ್ಲ, ಕ್ರಿಂಪ್ ಮಾಡಬೇಕು, ಅಂದರೆ ಲೋಹದ ಕೊಳವೆಯಲ್ಲಿಟ್ಟು ಒತ್ತಿ ಹಿಡಿಸಬೇಕು. ತಂತಿ 70ರಿಂದ 90 ಡಿಗ್ರಿಗೆ ಬರುತ್ತದೆ, ಕಾಗದ ಸುಡುವುದಿಲ್ಲ, ಗ್ಲೂ ಗನ್‌ನ ಅಂಟು ಮಾತ್ರ ಕರಗಿ ಜಾರುತ್ತದೆ. 2014ರಲ್ಲಿ ಹಾರ್ವರ್ಡ್ ಮತ್ತು ಎಂಐಟಿಯವರು ತಾನೇ ಮಡಿಸಿಕೊಂಡು ನಡೆಯುವ ಯಂತ್ರ ತೋರಿಸಿದರಲ್ಲ, ಅದು ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ ಪದರದಿಂದ, ಸುಮಾರು 4 ನಿಮಿಷದಲ್ಲಿ. ಮಡಿಕೆ ಒಂದೇ ಸಲದ್ದು, ಬಿಚ್ಚುವುದಿಲ್ಲ. ವೀಡಿಯೊ ನೋಡಿ ಅದನ್ನೇ ಮಾಡಲು ಹೊರಡುವವರು ಇದನ್ನು ಗಮನಿಸಲಿ.

ರೆಸಿಡೆನ್ಸಿ ಮೂರು ತಿಂಗಳಿದ್ದರೆ ಮೊದಲ ತಿಂಗಳು ಮೋಟರ್ ಮುಟ್ಟಬೇಡಿ ಅನ್ನುವುದು ನನ್ನ ಹಟ. ಕೈಯಿಂದಲೇ 500 ಸಲ ಮಡಿಸಿ ಬಿಚ್ಚಿದರೂ ಸೀಳದ ಹಾಳೆಗೆ ಮಾತ್ರ ಸರ್ವೊ.

ಹೋಗುವಾಗ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಇರಲಿ, ಬಿಡಿ ಬ್ಯಾಟರಿಯನ್ನು ಚೆಕ್-ಇನ್ ಲಗೇಜಿನಲ್ಲಿ ಬಿಡುವುದಿಲ್ಲ. 11.1 ವೋಲ್ಟ್ 2200 ಎಂಎಎಚ್ ಅಂದರೆ ಸುಮಾರು 24 ವ್ಯಾಟ್-ಅವರ್, 100ರ ಮಿತಿಯೊಳಗೇ ಇದೆ. ತುದಿಗಳಿಗೆ ಟೇಪ್ ಸುತ್ತಿ. ಜಪಾನಿನಲ್ಲಿ 100 ವೋಲ್ಟ್, ಅಡಾಪ್ಟರ್ ಮೇಲೆ 100–240 ಅಂತ ಇದೆಯಾ ನೋಡಿ. ಹಾಳೆಗಳನ್ನು ಸುರುಳಿ ಸುತ್ತದೆ ಚಪ್ಪಟೆಯಾಗಿ ಒಯ್ದು, ಅಲ್ಲಿನ ಕೋಣೆಯಲ್ಲಿ ಎರಡು ದಿನ ಬಿಚ್ಚಿಟ್ಟು, ಆಮೇಲೇ ಇಂಕು ಮುಗಿದ ಬಾಲ್‌ಪೆನ್ನಿನಿಂದ ಗೆರೆ ಒತ್ತಿ.